71 ರೂಪಾಯಿ ದಲಾಲಿ

ಮೊದಲನೇ ಔಷಧಿಗೆ ಮೈಲುತುತ್ತ, ಸುಣ್ಣ ತಂದು ಇಟ್ಟಾಯ್ತು. ಪಂಪಿನ ಆಯಿಲ್ ಬದಲಾಯಿಸಿದೆ. ದೋಟಿ ಒರೆಸಿ ಜಗಲಿ ಮೇಲೆ ಅಡ್ಡ ಮಲಗಿಸಿದ್ದೇನೆ. ಮಳೆ ಹಿಡಿಯೋಕೆ ಇನ್ನು ಜಾಸ್ತಿ ದಿನ ಇಲ್ಲ. ಈ ವರ್ಷದ ಔಷಧಿ ಬಗ್ಗೆ ಬರೆಯೋ ಮುಂಚೆ ಹೋದ ವರ್ಷದ ಒಂದು ಬಾಕಿ ತೀರಿಸಬೇಕು. ಇಲ್ಲಿ ಓದೋರಲ್ಲಿ ಎಷ್ಟೋ ಜನ ನನ್ನ ತೋಟದ ದಣಪೆ ದಾಟಿಯೇ ಸಾಗರದ ಬಸ್ಸಿಗೆ ಹೋಗೋರು. ಎದುರಿಗೆ ಹೇಳೋಕೆ ನಾಲಿಗೆ ಬರಲಿಲ್ಲ, ಅದಕ್ಕೇ ಬರೀತಿದ್ದೇನೆ.

ವಿಷಯ ಇಷ್ಟೇ. ನಾಲ್ಕು ವರ್ಷದಿಂದ ನನ್ನ ಟಿಪ್ಪಣಿಗಳ ಕೆಳಗೆ "ಇದು ಇಲ್ಲಿ ಸಿಗತ್ತೆ" ಅಂತ ಲಿಂಕು ಹಾಕ್ತಾ ಬಂದಿದ್ದೇನೆ. ಕಳೆ ಹೊಡೆಯೋ ಮೆಷಿನ್ನಿನ ಬ್ಲೇಡು, ಔಷಧಿ ಪೈಪು, ನಾಜಲ್ಲು, ಅಡಿಕೆ ಒಣಗಿಸೋ ಟಾರ್ಪಾಲು, ಹೆಡ್‌ಲೈಟು, ಗಂಬೂಟು, ಹೀಗೆ. ಆ ಲಿಂಕು ಒತ್ತಿ ನೀವು ಏನಾದರೂ ಕೊಂಡರೆ ನನಗೆ ಕಮಿಷನ್ ಬರತ್ತೆ. ಹೋದ ವರ್ಷದ ಶ್ರಾವಣದವರೆಗೆ ಈ ಮಾತನ್ನು ನಾನು ಎಲ್ಲೂ ಬರೆದಿರಲಿಲ್ಲ.

ಇದು ಹೇಗೆ ನಡೆಯತ್ತೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಹೊಸದೇನಲ್ಲ, ಅಮೆಜಾನ್ ಅಮೆರಿಕದಲ್ಲಿ 1996ರಲ್ಲೇ ಶುರು ಮಾಡಿದ್ದು. ಆನ್‌ಲೈನ್ ಅಂಗಡಿಯಲ್ಲಿ ನಾವು ಹೆಸರು ನೋಂದಾಯಿಸಿದರೆ ನಮಗೊಂದು ಗುರುತು ಕೊಡ್ತಾರೆ, ಟ್ಯಾಗ್ ಅಂತಾರೆ ಅದಕ್ಕೆ. ಸಾಮಾನಿನ ಲಿಂಕಿನ ಬಾಲದಲ್ಲಿ ಆ ಟ್ಯಾಗ್ ಅಂಟಿಕೊಂಡಿರತ್ತೆ. ನೀವು ಅದರ ಮೂಲಕ ಒಳಗೆ ಹೋದ್ರಿ ಅಂದ್ರೆ "ಇವರನ್ನು ಕಳಿಸಿದ್ದು ಇಂಥವನು" ಅಂತ ಅಂಗಡಿಗೆ ಗೊತ್ತಾಗತ್ತೆ. ಅಮೆಜಾನಲ್ಲಿ ಆ ನೆನಪು ಸಾಮಾನ್ಯವಾಗಿ 24 ಗಂಟೆ ಇರತ್ತೆ, ಬೇರೆ ಕಡೆ ಹೆಚ್ಚು ಕಮ್ಮಿ. ಅಷ್ಟರೊಳಗೆ ನೀವು ಪೈಪು ನೋಡೋಕೆ ಹೋಗಿ ಕುಕ್ಕರ್ ಕೊಂಡರೂ ಕುಕ್ಕರಿನ ಕಮಿಷನ್ ನನಗೆ. ನಿಮಗೆ ಬೆಲೆ ಜಾಸ್ತಿ ಆಗಲ್ಲ, ಅಂಗಡಿಯವನು ತನ್ನ ಪಾಲಿಂದ ಕೊಡೋದು. ಸಾಮಾನು ವಾಪಸ್ ಕಳಿಸಿದರೆ ನನ್ನ ಕಮಿಷನ್ನೂ ವಾಪಸ್ ಹೋಗತ್ತೆ. ನನ್ನ ಲಿಂಕಲ್ಲಿ ನಾನೇ ಕೊಂಡರೆ ಏನೂ ಇಲ್ಲ.

ಯಾರು ಕೊಂಡರು ಅಂತ ನನಗೆ ಕಾಣಲ್ಲ. ಏನು ಕೊಂಡರು ಅಂತ ಮಾತ್ರ ಕಾಣತ್ತೆ. ದೊಡ್ಡ ಊರಲ್ಲಿ ಇದು ಸರಿ, ನಮ್ಮಂಥ ನಲವತ್ತು ಮನೆ ಊರಲ್ಲಿ ಮಾತ್ರ ಸ್ವಲ್ಪ ಕಷ್ಟ ಮಾರಾಯ್ರೆ. ಒಂದು ದಿನ ವರದಿಯಲ್ಲಿ ಸಕ್ಕರೆ ಕಾಯಿಲೆ ನೋಡೋ ಪಟ್ಟಿ ಎರಡು ಡಬ್ಬ ಇತ್ತು. ಯಾರ ಮನೆಗಿರಬಹುದು ಅಂತ ಮನಸ್ಸು ತಾನೇ ಲೆಕ್ಕ ಹಾಕೋಕೆ ಶುರು ಮಾಡ್ತು. ಬೇರೆಯವರ ಅಂಗಳಕ್ಕೆ ಇಣುಕಿದ ಹಾಗಾಗಿ ಮುಚ್ಚಿಟ್ಟೆ. ಈಗ ತಿಂಗಳಿಗೊಮ್ಮೆ ಒಟ್ಟು ಮೊತ್ತ ಮಾತ್ರ ನೋಡ್ತೀನಿ.

ಇನ್ನು ಪೈಪಿನ ಕಥೆ.

ಮೂರು ವರ್ಷದ ಹಿಂದೆ ಔಷಧಿ ಹೊಡೆಯೋ ಪೈಪಿನ ಬಗ್ಗೆ ಉದ್ದಕ್ಕೆ ಬರೆದಿದ್ದೆ, ನೆನಪಿರಬಹುದು. ಎಂಟೂವರೆ ಎಂಎಂ, ಐದು ಪದರದ್ದು, ನೂರು ಮೀಟರ್ ಸುರುಳಿ. ಎರಡು ಮಳೆಗಾಲ ಬಳಸಿ, ಧರೆ ಮೇಲೆ ಎಳೆದಾಡಿ, ಕಲ್ಲಿಗೆ ಉಜ್ಜಿ ನೋಡಿಯೇ ಬರೆದದ್ದು. ಅದರಲ್ಲಿ ಸುಳ್ಳಿರಲಿಲ್ಲ. ಕೆಳಗೆ ಲಿಂಕು ಹಾಕಿದೆ. ಆಮೇಲೆ ಕೊಳೆ ಬಗ್ಗೆ, ದೋಟಿ ಬಗ್ಗೆ, ಪಂಪಿನ ಬಗ್ಗೆ ಬರೆದಾಗೆಲ್ಲ ಅದೇ ಲಿಂಕನ್ನು ನಕಲು ಮಾಡಿ ಅಂಟಿಸ್ತಾ ಹೋದೆ. ಒಟ್ಟು ಏಳು ಕಡೆ ಇತ್ತು ಅಂತ ಆಮೇಲೆ ಎಣಿಸಿದಾಗ ಗೊತ್ತಾಯ್ತು. ಆ ಲಿಂಕಿನ ಆಚೆ ಏನಿದೆ ಅಂತ ಮಾತ್ರ ಮೂರು ವರ್ಷದಲ್ಲಿ ಒಂದು ಸಲವೂ ತೆಗೆದು ನೋಡಿರಲಿಲ್ಲ.

ಹೋದ ವರ್ಷ ಮೊದಲನೇ ಔಷಧಿ ಎಲ್ಲರದ್ದೂ ಸುಸೂತ್ರ ಆಯ್ತು. ಎರಡನೇದು ನಲವತ್ತು, ನಲವತ್ತೈದು ದಿನಕ್ಕೆ ಬೀಳಬೇಕು. ಆಗ ಮಳೆ ಬಿಡೋದೇ ಇಲ್ಲ, ಹೊಳವಾಗೋದನ್ನೇ ಕಾಯ್ತಾ ಕೂರಬೇಕು. ಕೆಳಗಿನಮನೆ ಅಣ್ಣನ ಹಳೇ ಪೈಪು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅವನ ಮಗ ಬೆಂಗಳೂರಲ್ಲಿರೋದು. ಅವನು ನನ್ನ ಟಿಪ್ಪಣಿ ಓದಿ, ಅದೇ ಲಿಂಕು ಒತ್ತಿ ಅಪ್ಪನಿಗೆ ಪೈಪು ತರಿಸಿ ಕೊಟ್ಟ. ಬಂದ ಸುರುಳಿಯನ್ನು ಅಣ್ಣ ಬಿಚ್ಚಿ ನೋಡಲಿಲ್ಲ. ನಾನು ಹೇಳಿದ್ದು ಅಂದ ಮೇಲೆ ನೋಡೋದೇನು ಅಂತ.

ಮಳೆ ಹೊಳವಾದ ದಿನ ಬೆಳಿಗ್ಗೆಯೇ ಇನ್ನೂರು ಲೀಟರ್ ಡ್ರಮ್ಮಿಗೆ ಬೋರ್ಡೋ ಮಾಡಿಕೊಂಡು ಹೊರಟಿದ್ದಾರೆ. ಕೊನೆಗೌಡ, ಪೈಪು ಹಿಡಿಯೋಕೆ ಇಬ್ಬರು. ಪಂಪು ಶುರು ಮಾಡಿ ಪ್ರೆಷರ್ ಏರಿಸಿದ ಹತ್ತು ನಿಮಿಷಕ್ಕೆ ಪೈಪು ಹಾವು ಇಲಿ ನುಂಗಿದ ಹಾಗೆ ಒಂದು ಕಡೆ ಉಬ್ಬಿತಂತೆ. ನಿಲ್ಲಿಸೋ ಅಷ್ಟರಲ್ಲಿ ಒಡೀತು. ಕತ್ತರಿಸಿ ಜೋಡಿಸಿದರು. ಇನ್ನೊಂದು ಕಡೆ ಒಡೀತು. ಮೂರನೇ ಸಲಕ್ಕೆ ಕೊನೆಗೌಡ "ಇದು ಆಗೋ ಕೆಲಸ ಅಲ್ಲ ಒಡೆಯಾ" ಅಂತ ಇಳಿದು ಬಂದ. ಬೋರ್ಡೋ ಮಾಡಿದ ದಿನವೇ ಖಾಲಿ ಮಾಡಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬರಲ್ಲ. ಮುಕ್ಕಾಲು ಡ್ರಮ್ಮು ಚೆಲ್ಲಿದ್ದಾಯ್ತು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಆಮೇಲೆ ಒಂಬತ್ತು ದಿನ ಮಳೆ ಬಿಡಲಿಲ್ಲ.

ಆ ದಿನ ನಾನು ನನ್ನ ತೋಟದಲ್ಲಿ ಔಷಧಿ ಹೊಡೆಸ್ತಾ ಇದ್ದೆ. ಆಚೆ ಅಣ್ಣನ ಪಂಪಿನ ಶಬ್ದ ನಿಂತಿದ್ದು ಕೇಳಿಸಿತ್ತು. ಊಟಕ್ಕೆ ಹೋಗಿರಬಹುದು ಅಂದುಕೊಂಡೆ.

ಅವನ ಕಾಲುವೆ ಪಕ್ಕದ ಇನ್ನೂರು ಮರಕ್ಕೆ ಕೊಳೆ ಹಿಡೀತು. ತಗ್ಗು ಜಾಗ, ಬಿಸಿಲು ಬೀಳಲ್ಲ, ಮೊದಲೇ ಅಲ್ಲಿ ಕೊಳೆ ಜಾಸ್ತಿ. ಔಷಧಿ ಸರಿಯಾಗಿ ಬಿದ್ದಿದ್ದರೆ ಏನೂ ಆಗ್ತಿರಲಿಲ್ಲ ಅಂತ ನಾನು ಹೇಳಲ್ಲ, ಔಷಧಿ ಬಿದ್ದ ತೋಟದಲ್ಲೂ ಅಷ್ಟಿಷ್ಟು ಉದುರಿದೆ. ಆದರೆ ಅವನ ಬುಡದಲ್ಲಿ ಬಿದ್ದ ಹಸಿ ಕಾಯಿ ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ಅವನು ನನ್ನ ಹತ್ತಿರ ಏನೂ ಹೇಳಿರಲಿಲ್ಲ. ಹಾಲು ಡೇರಿ ಹತ್ತಿರ ಸಿಕ್ಕಾಗ ಮಾತು ಕಮ್ಮಿ ಆಗಿತ್ತು, ಅಷ್ಟೇ. ನಾನೇ ಒಂದು ಸಂಜೆ ಹೋದೆ. ಜಗಲಿ ಮೂಲೆಯಲ್ಲಿ ಪೈಪು ಬಿದ್ದಿತ್ತು. ಕೈಯಲ್ಲಿ ಹಿಡಿದು ಒತ್ತಿದರೆ ಚಪ್ಪಟೆ ಆಗತ್ತೆ. ಬಣ್ಣ ಅದೇ ಹಳದಿ, ತೂಕ ಮಾತ್ರ ಅರ್ಧ.

"ಇದು ಯಾವ ಪೈಪು ತಂದ್ಯೋ ಅಣ್ಣ?" ಅಂದೆ.

"ನೀನು ಹೇಳಿದ್ದೇ ಕಣೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹುಡುಗ ಹೇಳ್ತಿದ್ದ, ಅದನ್ನು ಕೊಂಡರೆ ನಿಂಗೆ ಕಮಿಷನ್ ಬರತ್ತಂತೆ ಹೌದಾ?"

ಹೌದು ಅಂದೆ.

"ಬರ್ಲಿ ಬಿಡು. ಅಡಿಕೆ ಮಂಡಿಯವನೂ ದಲಾಲಿ ತಗೋತಾನೆ. ಆದ್ರೆ ಅವನು ಪಟ್ಟಿಯಲ್ಲಿ ಬರೆದು ತಗೋತಾನೆ."

ಅತ್ತಿಗೆ ಕಾಫಿ ತಂದಿಟ್ಟರು. ಕುಡಿದು ಬಂದೆ. ಏನು ಮಾತಾಡಿದೆವೋ ನೆನಪಿಲ್ಲ.

ಮನೆಗೆ ಬಂದು ಆ ಲಿಂಕು ತೆಗೆದು ನೋಡಿದೆ. ಫೋಟೋ ನಾನು ಕೊಂಡಾಗ ಇದ್ದದ್ದೇ. ಹೆಸರಲ್ಲಿ ಐದು ಪದರ ಅನ್ನೋದು ಹೋಗಿ ಮೂರು ಪದರ ಆಗಿದೆ. ಮಾರೋನು ಬೇರೆ. ಬೆಲೆ ಏಳುನೂರು ರೂಪಾಯಿ ಕಮ್ಮಿ. ಕೆಳಗೆ ಜನರು ಬರೆದ ಹೊಗಳಿಕೆ ಮಾತ್ರ ಎಲ್ಲ ಹಳೇ ಪೈಪಿನದ್ದೇ. ಅದರಲ್ಲಿ ನಾನು ಬರೆದದ್ದೂ ಒಂದು ಇತ್ತು! ಅಂದರೆ ಪುಟ ಅದೇ, ಒಳಗಿನ ಸಾಮಾನು ಬದಲಾಗಿದೆ. ಹೀಗೆ ಮಾಡೋರು ಇದ್ದಾರೆ ಅಂತ ನನಗೆ ಆಗ ಗೊತ್ತಾಯ್ತು. ಚೆನ್ನಾಗಿ ಓಡೋ ಒಂದು ಪುಟವನ್ನು ಇಟ್ಟುಕೊಂಡು, ಅದರ ಒಳ್ಳೇ ಹೆಸರಿನ ಕೆಳಗೆ ಬೇರೆ ಸಾಮಾನು ತಂದು ಕೂರಿಸೋದು. ನನ್ನ ವರದಿಯಲ್ಲಿ ಹುಡುಕಿದೆ. ಜುಲೈ ತಿಂಗಳು, ಪೈಪು ಒಂದು, 2,380 ರೂಪಾಯಿ, ನೂರಕ್ಕೆ ಮೂರರ ಹಾಗೆ ಕಮಿಷನ್ 71 ರೂಪಾಯಿ.

ಅಂಗಡಿ ಯಾವುದು, ಮಾರಿದವನು ಯಾರು ಅಂತ ಬರೆಯೋಕೆ ಹೋಗಲ್ಲ. ಬರೆದರೆ ಎಲ್ಲ ಅವರ ತಲೆಗೆ ಹೋಗತ್ತೆ. ಲಿಂಕು ಹಾಕಿದ್ದು ನಾನು, ನೋಡದೆ ಬಿಟ್ಟಿದ್ದೂ ನಾನು.

ಮಾರನೇ ದಿನದಿಂದ ಮಳೆಯಲ್ಲಿ ಬೇರೆ ಕೆಲಸ ಇರಲಿಲ್ಲ. ಅಡಿಕೆ ಲೆಕ್ಕದ ಉದ್ದ ಪುಸ್ತಕ ಒಂದು ಅರ್ಧ ಖಾಲಿ ಇತ್ತು. ಅದನ್ನು ಹಿಂದುಮುಂದು ಮಾಡಿ, ನಾಲ್ಕು ವರ್ಷದ ಟಿಪ್ಪಣಿ ಒಂದೊಂದೇ ತೆಗೆದು ಅದರಲ್ಲಿದ್ದ ಲಿಂಕೆಲ್ಲ ಬರೆದುಕೊಂಡೆ. ಮೂರು ದಿನ ಹಿಡೀತು, ನಮ್ಮಲ್ಲಿ ನೆಟ್‌ವರ್ಕು ಗೊತ್ತಲ್ಲ, ಗುಡ್ಡದ ಮೇಲಿನ ಬಂಡೆ ಹತ್ತಿರ ಕೊಡೆ ಹಿಡಿದು ಕೂತು ನೋಡಿದ್ದೂ ಇದೆ. ಒಟ್ಟು 58 ಸಾಮಾನು. ಅದರಲ್ಲಿ 14 ತೆಗೆದರೆ ಸಾಮಾನೇ ಇಲ್ಲ, "ಸದ್ಯ ಲಭ್ಯವಿಲ್ಲ" ಅಂತ ಬರತ್ತೆ, ಅದರ ಕೆಳಗೇ ಅದೇ ತರದ್ದು ಬೇರೆ ಹತ್ತು ತೋರಿಸ್ತಾರೆ. ಓದಿದವರು ಅದರಲ್ಲೇ ಯಾವುದೋ ಒಂದನ್ನು ನಾನು ಹೇಳಿದ್ದು ಅಂದುಕೊಂಡು ಕೊಂಡಿರಬಹುದು. ಪೈಪಿನ ಹಾಗೆ ಒಳಗಿನ ಸಾಮಾನು ಬದಲಾಗಿದ್ದು 6. ಒಂದರಲ್ಲಂತೂ ಮೇಲೆ ಟಾರ್ಪಾಲು, ಕೆಳಗೆ ಜನ ಬರೆದಿರೋದು ಯಾವುದೋ ಟಾರ್ಚಿನ ಬಗ್ಗೆ. ಇನ್ನು 11 ಸಾಮಾನು ನಾನೇ ಬಳಸೋದು ಬಿಟ್ಟಿದ್ದೇನೆ, ಆದರೆ ಲಿಂಕು ಮಾತ್ರ "ಅದ್ಭುತವಾಗಿದೆ" ಅಂತ ಕೂಗ್ತಾ ಕೂತಿತ್ತು. 9 ಸಾಮಾನು ಈಗ ನಮ್ಮ ಪೇಟೆಯಲ್ಲೇ ಅದೇ ಬೆಲೆಗೋ ಇನ್ನೂ ಕಮ್ಮಿಗೋ ಸಿಗತ್ತೆ. ನೆಟ್ಟಗಿದ್ದದ್ದು ಉಳಿದ 18.

58ರಲ್ಲಿ 18. ಅಡಿಕೆ ಸಸಿ ನೆಟ್ಟು ಇಷ್ಟು ಬದುಕಿದರೆ ನಾವು ಆ ಜಾಗಕ್ಕೆ ಏನಾಗಿದೆ ಅಂತ ಮಣ್ಣು ತೆಗೆದು ನೋಡ್ತೀವಿ.

ಮೊದಲು ಮಾಡಿದ ಕೆಲಸ ಟಿಪ್ಪಣಿಗಳ ಒಳಗಿದ್ದ ಎಲ್ಲ ಲಿಂಕು ಕಿತ್ತು ಹಾಕಿದ್ದು. ಪುಟದ ತಲೆ ಮೇಲೆ ಒಂದೇ ಒಂದು ಪಟ್ಟಿ ಇಟ್ಟೆ. ಈಗ ಹಳೇ ಟಿಪ್ಪಣಿಯಲ್ಲಿ "ಪಟ್ಟಿಯಲ್ಲಿ 4ನೇ ನಂಬರ್ ನೋಡಿ" ಅಂತ ಮಾತ್ರ ಇರತ್ತೆ. ಏಳು ಕಡೆ ಪೈಪಿನ ಲಿಂಕು ಇದ್ದರೆ ಏಳು ಕಡೆಯೂ ಸರಿ ಮಾಡಬೇಕು, ಒಂದು ಮರೆತರೂ ಅದರಲ್ಲಿ ಒಬ್ಬ ಸಿಕ್ಕಿ ಬೀಳ್ತಾನೆ. ಒಂದೇ ಕಡೆ ಇದ್ದರೆ ಒಂದು ಸಲ ಬದಲಾಯಿಸಿದರೆ ಮುಗೀತು. ತೋಟದ ಎಲ್ಲ ಕವಲಿಗೂ ನೀರು ಒಂದೇ ತೂಬಿಂದ ಬಿಡೋ ಹಾಗೆ. ಇಷ್ಟು ಸಣ್ಣ ವಿಷಯ ಮೊದಲೇ ಹೊಳೆದಿದ್ದರೆ ಅರ್ಧ ಕಷ್ಟ ಇರ್ತಿರಲಿಲ್ಲ. ಬೇರೆಯವರೂ ಟಿಪ್ಪಣಿ ಬರೆದು ಲಿಂಕು ಹಾಕೋರು ಇದ್ದೀರಿ, ದಯವಿಟ್ಟು ಇದೊಂದು ಮಾಡಿ.

ಪುಸ್ತಕದಲ್ಲಿ ಒಂದೊಂದು ಸಾಮಾನಿಗೂ ಒಂದು ಸಾಲು. ಸಾಮಾನು ಯಾವುದು ಅಂತ ಅಂಗಡಿಯ ಹೆಸರಲ್ಲಿ ಅಲ್ಲ, ನನ್ನ ಮಾತಲ್ಲೇ ಬರೀತೀನಿ: ಎಷ್ಟು ಎಂಎಂ, ಎಷ್ಟು ಪದರ, ಎಷ್ಟು ತೂಕ, ಮರೆ ಯಾವ ಅಳತೆ. ಈ ತೂಕ ಬರೆಯೋದು ಕೆಳಗಿನಮನೆ ಜಗಲಿಯಲ್ಲಿ ಕಲಿತದ್ದು, ಫೋಟೋ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ತೂಕ ಅಷ್ಟು ಸುಲಭಕ್ಕೆ ಹೇಳಲ್ಲ. ಆಮೇಲೆ ಮಾರೋನ ಹೆಸರು, ಆ ದಿನದ ಬೆಲೆ, ತಾರೀಕು. ಕೊನೆಗೆ ಒಂದು ಖಾನೆ, "ನಾನು ಈಗಲೂ ಬಳಸ್ತಿದ್ದೀನಾ?" ಅಂತ. ಆ ಖಾನೆಯಲ್ಲಿ ಇಲ್ಲ ಅಂತ ಬಿದ್ದರೆ ಸಾಮಾನು ಎಷ್ಟೇ ಚೆನ್ನಾಗಿ ಹೋಗ್ತಿದ್ದರೂ ಪಟ್ಟಿಯಿಂದ ಹೊರಗೆ.

ಪಟ್ಟಿಯಲ್ಲಿ ಬೆಲೆ ಬರೆಯೋದು ಮಾತ್ರ ಬಿಟ್ಟಿದ್ದೇನೆ. ಇವತ್ತು ಬರೆದದ್ದು ನಾಳೆಗೆ ಸುಳ್ಳಾಗತ್ತೆ. "ನೀವು 1,900 ಅಂದ್ರಿ, ಇಲ್ಲಿ 2,600 ಇದೆ" ಅಂತ ಎಷ್ಟು ಜನ ಕೇಳಿದ್ದೀರಿ.

ನೋಡೋದು ಯಾವಾಗ ಅನ್ನೋದೇ ದೊಡ್ಡ ಪ್ರಶ್ನೆ ಆಗಿತ್ತು. ತಿಂಗಳಿಗೊಂದು ಸಲ ಎಲ್ಲ ನೋಡ್ತೀನಿ ಅಂತ ಶುರು ಮಾಡಿದೆ, ಎರಡು ತಿಂಗಳು ನಡೀತು, ಕೊಯ್ಲು ಬಂತು, ನಿಂತೇ ಹೋಯ್ತು. ಈಗ ತೋಟದ ಕೆಲಸಕ್ಕೆ ಕಟ್ಟಿ ಹಾಕಿದ್ದೇನೆ. ಔಷಧಿ ಸಾಮಾನು, ಅಂದರೆ ಪೈಪು, ನಾಜಲ್ಲು, ಗನ್ನು, ಕಪ್ಲಿಂಗು, ಇವನ್ನು ಜನ ಕೊಳ್ಳೋದು ಮೇ ತಿಂಗಳಲ್ಲಿ ಮತ್ತೆ ಜುಲೈಯಲ್ಲಿ. ಹಾಗಾಗಿ ಏಪ್ರಿಲ್ ಕೊನೆಗೊಂದು ಸಲ, ಎರಡನೇ ಔಷಧಿಗೆ ಮುಂಚೆ ಇನ್ನೊಂದು ಸಲ. ಕಳೆ ಮೆಷಿನ್ನಿನ ಬ್ಲೇಡು, ದಾರ, ಇವನ್ನು ಆಗಸ್ಟಲ್ಲಿ. ಟಾರ್ಪಾಲು, ಬಲೆ, ಹೆಡ್‌ಲೈಟು, ಇವು ಅಡಿಕೆ ಕೊಯ್ಲಿನವು, ದಸರಾ ಹೊತ್ತಿಗೆ. ಸ್ಪ್ರಿಂಕ್ಲರ್ ಸಾಮಾನು ಸಂಕ್ರಾಂತಿ ಆದ ಮೇಲೆ. ನಮ್ಮ ಮನೆಗೆ ಅಮಾವಾಸ್ಯೆ ದಿನ ಆಳು ಬರಲ್ಲ, ಆ ಆ ಕಾಲದ ಅಮಾವಾಸ್ಯೆಗೆ ಕೂತರೆ ಒಂದು ಗಂಟೆಯ ಕೆಲಸ. ಟ್ಯಾಗನ್ನೂ ಹೀಗೇ ನಾಲ್ಕು ಮಾಡಿಕೊಂಡಿದ್ದೇನೆ, ಒಂದೇ ಖಾತೆಯಲ್ಲಿ ಬೇರೆ ಬೇರೆ ಟ್ಯಾಗು ಮಾಡೋಕೆ ಬಿಡ್ತಾರೆ. ಯಾವ ಕಾಲಕ್ಕೆ ಯಾವ ಸಾಮಾನು ಹೋಗತ್ತೆ ಅಂತ ಅದರಲ್ಲಿ ಕಾಣತ್ತೆ, ಅಲ್ಲಿ ಹೆಚ್ಚು ಕಣ್ಣಿಡಬೇಕು ಅಂತ ನನಗೆ ತಿಳಿಯತ್ತೆ.

ನೋಡುವಾಗ ಫೋಟೋ ನೋಡಲ್ಲ. ಅಳತೆ ಓದ್ತೀನಿ, ಮಾರೋನ ಹೆಸರು ನೋಡ್ತೀನಿ, ಜನ ಬರೆದದ್ದರಲ್ಲಿ ಹೊಸದನ್ನು ಮೇಲೆ ತಂದು ಓದ್ತೀನಿ. ಹೊಸಬರು ಬೈತಿದ್ದು ಹಳಬರು ಹೊಗಳ್ತಿದ್ದರೆ ಅಲ್ಲೇನೋ ಬದಲಾಗಿದೆ ಅಂತ ಅರ್ಥ. ನೀವು ಕೊಳ್ಳುವಾಗಲೂ, ಯಾರ ಲಿಂಕೇ ಇರಲಿ, ಇಷ್ಟು ನೋಡಿ.

ಈಗ ಪಟ್ಟಿಯ ಮೊದಲ ಸಾಲಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಈ ಲಿಂಕುಗಳ ಮೂಲಕ ಕೊಂಡರೆ ನನಗೆ ಕಮಿಷನ್ ಬರತ್ತೆ. ಪಕ್ಕದಲ್ಲಿ ಸಾಮಾನಿನ ಹೆಸರು, ಅಳತೆ ಪೂರ್ತಿ ಇದೆ. ಕಮಿಷನ್ ಕೊಡೋದು ಬೇಡ ಅನ್ನೋರು ಅದನ್ನು ನೋಡಿ ನೇರ ಹುಡುಕಿ ಕೊಳ್ಳಬಹುದು, ನನಗೆ ಬೇಜಾರಿಲ್ಲ. ಹೀಗೆ ಹೇಳೋದು ನನ್ನ ದೊಡ್ಡತನ ಅಂದುಕೋಬೇಡಿ. ಇಂಥದ್ದನ್ನು ಮುಚ್ಚಿಡಬಾರದು ಅಂತ ಕಾನೂನೇ ಇದೆ. ದುಡ್ಡು, ಕಮಿಷನ್, ಪುಕ್ಕಟೆ ಸಾಮಾನು ಏನೇ ಪಡೆದು ಒಂದು ವಸ್ತುವಿನ ಬಗ್ಗೆ ಹೇಳಿದರೂ ಅದನ್ನು ಸರಳವಾಗಿ, ಎದ್ದು ಕಾಣುವ ಹಾಗೆ ತಿಳಿಸಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜನರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಇದು ಸಿನಿಮಾದವರಿಗೆ, ಕ್ರಿಕೆಟ್ ಆಡೋರಿಗೆ ಅಂದುಕೊಂಡಿದ್ದೆ. ಗದ್ದೆ ಅಂಚಲ್ಲಿ ನಿಂತು ಪೈಪು ತೋರಿಸೋನಿಗೂ ಇದೆ.

ತೆರಿಗೆ ವಿಷಯವೂ ಒಂದು ಇದೆ. ನಮ್ಮ ಅಡಿಕೆ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅಂತ ನಾವು ಎಲ್ಲದಕ್ಕೂ ಕೈ ಬೀಸಿಕೊಂಡು ಇರ್ತೀವಿ. ಕಮಿಷನ್ ಕೃಷಿ ಆದಾಯ ಅಲ್ಲ. ಕೃಷಿ ಬಗ್ಗೆ ಬರೆದು ಬಂದದ್ದಾದರೂ ಅಲ್ಲ. ನಮ್ಮ ಲೆಕ್ಕ ಬರೆಯೋರು ಇದನ್ನು ಹೇಳಿ, ಬೇರೆಯೇ ತೋರಿಸಬೇಕು ಅಂದ್ರು. ಹೋದ ವರ್ಷ ನನಗೆ ಬಂದದ್ದು ಒಟ್ಟು 4,212 ರೂಪಾಯಿ. ಅದನ್ನೂ ಇಲ್ಲೇ ಬರೆದುಬಿಡ್ತೀನಿ, ಲಕ್ಷಗಟ್ಟಲೆ ಬರತ್ತೆ ಅಂತ ಯಾರೋ ಹೇಳ್ತಿದ್ದರಂತೆ.

ಇದಿಷ್ಟೂ ಪುಸ್ತಕದಲ್ಲಿ ಬರೆದು ಸರಿ ಮಾಡೋ ಕೆಲಸ. ಸರಿ ಮಾಡೋಕೆ ಆಗದ್ದು ಒಂದು ಕಂಡಿತು. ಎಲ್ಲ ಟಿಪ್ಪಣಿ ಸಾಲಾಗಿ ಓದುವಾಗ ಗೊತ್ತಾಗಿದ್ದು. ಮೊದಲ ವರ್ಷ, ಲಿಂಕು ಗಿಂಕು ಏನೂ ಇಲ್ಲದ ಕಾಲದಲ್ಲಿ, ಬೋರ್ಡೋ ಬಗ್ಗೆ ಬರೆದಿದ್ದೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹದ ನೋಡೋಕೆ ಕಬ್ಬಿಣದ ಕತ್ತಿ ಅಲಗನ್ನು ಉಜ್ಜಿ ಅದ್ದಿ ತೆಗೀರಿ, ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು ಅಂತ. ಅಪ್ಪ ಮಾಡ್ತಿದ್ದದ್ದೇ. ಎರಡು ವರ್ಷ ಬಿಟ್ಟು ಅದೇ ಬೋರ್ಡೋ ಬಗ್ಗೆ ಬರೆದಾಗ ಕತ್ತಿಯ ಮಾತೇ ಇಲ್ಲ. "ಪಿಹೆಚ್ ಮೀಟರ್ ಕೊಳ್ಳಿ" ಅಂತಿದೆ, ಕೆಳಗೆ ಲಿಂಕು. ಮೀಟರ್ ಕೆಟ್ಟದ್ದಲ್ಲ. ಆದರೆ ಕತ್ತಿ ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ ಕಮಿಷನ್ ಇಲ್ಲ. ನಾನು ಬೇಕು ಅಂತ ಬಿಟ್ಟಿದ್ದಲ್ಲ, ಆಣೆ ಮಾಡಿ ಹೇಳ್ತೀನಿ. ಬರೆಯುವಾಗ ಕೈ ತಾನೇ ಆ ಕಡೆ ವಾಲಿದೆ. ಇಳಿಜಾರಲ್ಲಿ ನೀರಿಗೆ ದಾರಿ ಯಾರೂ ತೋರಿಸಬೇಕಾಗಿಲ್ಲವಲ್ಲ, ಹಾಗೆ.

ಅಂಥವು ಇನ್ನೂ ನಾಲ್ಕೈದು ಸಿಕ್ಕವು. ಹಳೇ ಸೀರೆ ಕಟ್ಟಿ ಸೋಸಿದರೆ ಆಗೋ ಕಡೆ ಫಿಲ್ಟರು. ಅಡಿಕೆ ಹಾಳೆ ಸಾಕಾಗೋ ಕಡೆ ಪ್ಲಾಸ್ಟಿಕ್ ಬುಟ್ಟಿ. ಎಲ್ಲ ತಿದ್ದಿದೆ. ಈಗ ಬರೆದಾದ ಮೇಲೆ ಎರಡು ದಿನ ಇಟ್ಟು, ಲಿಂಕು ಹಾಕೋ ಮುಂಚೆ ಇನ್ನೊಂದು ಸಲ ಓದ್ತೀನಿ. ಇದನ್ನು ಕೊಳ್ಳದೆ ಆಗತ್ತಾ ಅಂತ. ಆಗತ್ತೆ ಅಂದರೆ ಅದನ್ನೇ ಮೊದಲು ಬರೀತೀನಿ.

ಈ ಚಳಿಗಾಲದಲ್ಲಿ ಒಂದು ಫೋನ್ ಬಂದಿತ್ತು. ಅಡಿಕೆಗೆ ಹಾಕೋ ಯಾವುದೋ ಟಾನಿಕ್ಕು. ಹರಳು ಉದುರೋದು ನಿಲ್ಲತ್ತೆ, ಹಳದಿ ಎಲೆ ಹಸಿರಾಗತ್ತೆ ಅಂತೆಲ್ಲ. "ನಿಮ್ಮ ಪುಟದಲ್ಲಿ ನಮ್ಮ ಲಿಂಕು ಹಾಕಿ ಸಾರ್, ನೂರಕ್ಕೆ ಇಪ್ಪತ್ತು ಕೊಡ್ತೀವಿ" ಅಂದ. ಪೈಪಿಗೆ ಮೂರು, ಇದಕ್ಕೆ ಇಪ್ಪತ್ತು. ಸುಳ್ಳೇಕೆ, ಅರ್ಧ ದಿನ ಲೆಕ್ಕ ಹಾಕಿದೆ. ಮನೆಯಲ್ಲಿ ಹೇಳಿದಾಗ ಅವಳು ಹಿಟ್ಟು ನಾದುತ್ತಾ ಕೇಳಿದ್ದು ಒಂದೇ ಮಾತು, "ನಮ್ಮ ತೋಟಕ್ಕೆ ಹಾಕ್ತೀರಾ?" ಹಳದಿ ಎಲೆ ರೋಗಕ್ಕೆ ಔಷಧಿ ಇಲ್ಲ ಅಂತ ನಾನೇ ಇಲ್ಲಿ ಎರಡು ಸಲ ಬರೆದಿದ್ದೇನೆ. ಮತ್ತೆ ನೂರು ರೂಪಾಯಿ ಸಾಮಾನಲ್ಲಿ ಇಪ್ಪತ್ತು ನನಗೇ ಕೊಟ್ಟರೆ ಡಬ್ಬದೊಳಗೆ ಹಾಕೋಕೆ ಅವನ ಹತ್ತಿರ ಏನು ಉಳಿಯತ್ತೆ? ಆಗಲ್ಲ ಅಂದೆ. ಕೀಟನಾಶಕ, ಶಿಲೀಂಧ್ರನಾಶಕ, ಟಾನಿಕ್ಕು, ಗೊಬ್ಬರ ಯಾವುದಕ್ಕೂ ಲಿಂಕು ಹಾಕಲ್ಲ ಅಂತ ಅವತ್ತೇ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದೆ. ಅವನ್ನು ಲೈಸೆನ್ಸ್ ಇರೋ ಅಂಗಡಿಯಲ್ಲಿ ಬಿಲ್ ಹಾಕಿಸಿಕೊಂಡು ತನ್ನಿ.

ಕೆಳಗಿನಮನೆ ಅಣ್ಣನಿಗೆ ಏನು ಮಾಡಿದೆ ಅಂತ ಕೇಳಬಹುದು. ಪೈಪಿನ ದುಡ್ಡು ಕೊಡ್ತೀನಿ ಅಂದೆ, ಬೈದು ಕಳಿಸಿದ. ಹೋದ ವರ್ಷ ಮೂರನೇ ಔಷಧಿಗೆ ನನ್ನ ಪೈಪು, ಪಂಪು, ನಾನು, ಮೂರೂ ಅವನ ತೋಟಕ್ಕೆ ಹೋದೆವು. ಕೂಲಿ ಕೊಡೋಕೆ ಬಂದ, ಅದನ್ನು ನಾನು ಬೈದು ವಾಪಸ್ ಮಾಡಿದೆ. ಆ ಇನ್ನೂರು ಮರದ ಅಡಿಕೆ ಯಾರೂ ತಂದು ಕೊಡೋಕೆ ಆಗಲ್ಲ.

ಹೋದ ಸೋಮವಾರ ಅವನೇ ಬಂದ. "ಪೈಪು ತರಬೇಕು, ಬಾ" ಅಂದ. ಇಬ್ಬರೂ ಬೈಕಲ್ಲಿ ಸಾಗರಕ್ಕೆ ಹೋದೆವು. ಪೇಟೆ ಅಂಗಡಿಯಲ್ಲಿ ಐದು ಪದರದ್ದು ಇತ್ತು. ಅಂಗಡಿಯವನ ತಕ್ಕಡಿ ಮೇಲೆ ಇಟ್ಟು ತೂಕ ಮಾಡಿಸಿದೆ, ನನ್ನ ಪುಸ್ತಕದ ತೂಕಕ್ಕೆ ಸರಿ ಬಂತು. ಆನ್‌ಲೈನಿಗಿಂತ ನೂರೈವತ್ತು ಜಾಸ್ತಿ, ಆದರೆ ಒಡೆದರೆ ತಂದು ಮುಖದ ಮೇಲೆ ಎಸೆಯಬಹುದು, ಹಾಗಂತ ಅಣ್ಣನೇ ಅಂದ. ಬಿಲ್ ಬರೆಯುವಾಗ ಅಂಗಡಿಯವನ ಕಡೆ ತಿರುಗಿ, ನಗಾಡದೆ ಕೇಳಿದ: "ಇವನಿಗೆ ಇದರಲ್ಲಿ ಎಷ್ಟು?"

ಅಂಗಡಿಯವನಿಗೆ ಅರ್ಥ ಆಗಲಿಲ್ಲ. ನನಗೊಂದು ಟೀ ತರಿಸಿದ. ಅಣ್ಣ ಅದನ್ನು ನೋಡಿ, "ಬರೀ, ಪುಸ್ತಕದಲ್ಲಿ ಬರೀ" ಅಂದ. ಬರೆದಿದ್ದೇನೆ.

ಪೈಪು ಪಟ್ಟಿಯಲ್ಲಿ 4ನೇ ನಂಬರ್. ಈಗ ಅದಕ್ಕೆ ಲಿಂಕು ಇಲ್ಲ, "ಪೇಟೆಯಲ್ಲಿ ಸಿಗತ್ತೆ, ತೂಕ ನೋಡಿ ತನ್ನಿ" ಅಂತಿದೆ. 12ನೇ ನಂಬರಿನ ಎರಡು ಕವಲಿನ ನಾಜಲ್ಲು ಈ ಸಲ ನೋಡೋದು ಬಾಕಿ, ಮಾರೋನು ಬದಲಾದ ಹಾಗಿದೆ. ಒಂದು ತರಿಸಿದ್ದೇನೆ, ಗುರುವಾರ ಬರತ್ತೆ. ನಾನು ಹೊಡೆದು ನೋಡಿ ಇಲ್ಲಿ ಬರೆಯೋವರೆಗೆ ಅದನ್ನು ಕೊಳ್ಳಬೇಡಿ.